ಅಪ್ಪ ನೋಡಿದ ಸಿನಿಮಾ ಈ ಡಿಸ್ಕಿನಲ್ಲಿ ಇದೆಯೇ?

ಪ್ರಶ್ನೆ: ನನ್ನ ತಂದೆಗೆ ಎಪ್ಪತ್ತು ವರ್ಷ. ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆಗಳ ಥಿಯೇಟರುಗಳಲ್ಲಿ ಇಂಗ್ಲಿಷ್ ವೈಜ್ಞಾನಿಕ ಚಿತ್ರಗಳನ್ನು ನೋಡುತ್ತಾ ಯೌವನ ಕಳೆದವರು. ಅವರ ಹುಟ್ಟುಹಬ್ಬಕ್ಕೆಂದು ‘ಏಲಿಯನ್ಸ್’ ಚಿತ್ರದ ಹೊಸ 4ಕೆ (ಅತಿ ಸೂಕ್ಷ್ಮ ವಿವರದ) ಡಿಸ್ಕ್ ತರಿಸಿದೆ. ಹತ್ತು ನಿಮಿಷ ನೋಡಿ, ‘ಇದು ನಾನು ನೋಡಿದ ಸಿನಿಮಾ ಅಲ್ಲ, ಎಲ್ಲರ ಮುಖಕ್ಕೂ ಮೇಣ ಬಳಿದ ಹಾಗಿದೆ’ ಎಂದು ಎದ್ದುಹೋದರು. ಅಭಿಮಾನಿಗಳ ಅಭಿಪ್ರಾಯ ಹುಡುಕಿದರೆ ಕೆಲವರು ಅದ್ಭುತ ಎನ್ನುತ್ತಾರೆ, ಕೆಲವರು ಅನ್ಯಾಯ ಎನ್ನುತ್ತಾರೆ. ತಪ್ಪು ಟಿವಿಯದೋ, ಡಿಸ್ಕಿನದೋ, ಅಪ್ಪನ ನೆನಪಿನದೋ? ಮುಂದೆ ಯಾವ ಚಿತ್ರಗಳನ್ನು ಕೊಳ್ಳಬಹುದು? ಮನೆಯಲ್ಲಿರುವ ಹಳೆಯ ಡಿವಿಡಿಗಳ ಪೆಟ್ಟಿಗೆಯನ್ನು ಗುಜರಿಗೆ ಹಾಕಬಹುದೇ?
– ಒಬ್ಬ ಓದುಗ, ಜಯನಗರ

ಉತ್ತರ: ನಿಮ್ಮ ತಂದೆಯವರ ನೆನಪಿನ ಮೇಲೆ ಅನುಮಾನ ಬೇಡ. ಅವರ ಬಾಯಿಂದ ಬಂದ ‘ಮೇಣ’ ಎಂಬ ಮಾತನ್ನೇ ಜಗತ್ತಿನ ಬೇರೆ ಬೇರೆ ಕಡೆಯ ಅಭಿಮಾನಿಗಳೂ ಈ ಡಿಸ್ಕಿನ ಬಗ್ಗೆ ಆಡಿದ್ದಾರೆ. ನಾನು ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಹಳೆಯ ರೀಲುಗಳನ್ನು ಸ್ಕ್ಯಾನ್ ಮಾಡಿ ಬಣ್ಣ ಹೊಂದಿಸುವ ಕೆಲಸದಲ್ಲಿದ್ದೇನೆ. ಮುಖ ಮುಖದಂತೆ ಕಾಣುತ್ತಿಲ್ಲ ಎಂದು ಮೊದಲು ಹೇಳುವವರು ಬಹುತೇಕ ಸಲ ತಂತ್ರಜ್ಞರಲ್ಲ, ನಿಮ್ಮ ತಂದೆಯಂಥ ಪ್ರೇಕ್ಷಕರು. ನಮಗೆ ದಿನವಿಡೀ ನೋಡಿ ನೋಡಿ ಕಣ್ಣು ಒಗ್ಗಿಹೋಗಿರುತ್ತದೆ.

ಆದರೂ ಡಿಸ್ಕನ್ನು ಬಯ್ಯುವ ಮೊದಲು ಟಿವಿಯನ್ನು ಸರಿಪಡಿಸಿಕೊಳ್ಳಿ. ಅಂಗಡಿಯಿಂದ ಬಂದ ಟಿವಿ ಅಂಗಡಿಯ ಝಗಮಗಕ್ಕೆ ಹೊಂದಿಸಿದ ಸ್ಥಿತಿಯಲ್ಲೇ ಮನೆಯಲ್ಲೂ ಉಳಿದುಬಿಡುತ್ತದೆ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನು ಆರಿಸಿ. ಇಲ್ಲವಾದರೆ ‘ಸಿನಿಮಾ’ ಎಂದಿರುವುದನ್ನು ಹಾಕಿ. ನಾಯ್ಸ್ ರಿಡಕ್ಷನ್ ಆಫ್ ಮಾಡಿಬಿಡಿ, ಶಾರ್ಪ್‌ನೆಸ್ ಕನಿಷ್ಠಕ್ಕೆ ಇಳಿಸಿ, ಚಲನೆಯನ್ನು ನಯಗೊಳಿಸುವ ಆಯ್ಕೆ ಯಾವ ಹೆಸರಿನಲ್ಲಿದ್ದರೂ ತೆಗೆದುಹಾಕಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ. ಈ ಆಯ್ಕೆ ನಡುನಡುವೆ ತಾನೇ ಚೌಕಟ್ಟುಗಳನ್ನು ಹುಟ್ಟಿಸಿ, ಎಂಥ ಚಿತ್ರವನ್ನಾದರೂ ಸಂಜೆಯ ಧಾರಾವಾಹಿಯಂತೆ ಕಾಣಿಸುತ್ತದೆ. ಇಷ್ಟು ಮಾಡಿ ಅದೇ ಹತ್ತು ನಿಮಿಷಗಳನ್ನು ಮತ್ತೆ ನೋಡಿ. ಮೇಣ ಸ್ವಲ್ಪ ಕರಗುತ್ತದೆ, ಪೂರ್ತಿ ಹೋಗುವುದಿಲ್ಲ. ಉಳಿದದ್ದು ಡಿಸ್ಕಿನದೇ.

ಏಕೆ ಎಂಬುದು ಅರ್ಥವಾಗಬೇಕಾದರೆ ಫಿಲ್ಮನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೂವತ್ತೈದು ಮಿಲಿಮೀಟರಿನ ಒಂದು ತುಂಡನ್ನು ಬೆಳಕಿನ ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದರೆ, ಪ್ರತಿ ಚೌಕಟ್ಟಿಗೆ ಎರಡೂ ಅಂಚಿನಲ್ಲಿ ನಾಲ್ಕು ನಾಲ್ಕು ರಂಧ್ರಗಳು, ನಡುವೆ ಅಂಚೆಚೀಟಿಯಷ್ಟು ಅಗಲದ ಚಿತ್ರ ಕಾಣುತ್ತವೆ. ಇನ್ನೂ ಹಿಗ್ಗಿಸುತ್ತಾ ಹೋದರೆ ಒಂದು ಹಂತದಲ್ಲಿ ಕೆನ್ನೆ, ಕಣ್ಣು, ಕೂದಲು ಎಲ್ಲ ಮಾಯವಾಗಿ ರವೆ ಚೆಲ್ಲಿದಂತೆ ಬರೀ ಕಣಗಳು ಉಳಿಯುತ್ತವೆ. ಬೆಳಕು ತಾಕಿದ ಬೆಳ್ಳಿಯ ಲವಣದ ಹರಳುಗಳು ಬಿಟ್ಟುಹೋದ ಗುರುತು ಅದು; ಬಣ್ಣದ ಫಿಲ್ಮಿನಲ್ಲಿ ಬೆಳ್ಳಿ ತೊಳೆದುಹೋಗಿ ಆ ಜಾಗದಲ್ಲಿ ವರ್ಣದ್ರವ್ಯದ ಸಣ್ಣ ಮೋಡಗಳು ನಿಂತಿರುತ್ತವೆ. ಇದನ್ನೇ ನಾವು ಗ್ರೇನ್ ಎನ್ನುತ್ತೇವೆ. ಕೆನ್ನೆ ಎನ್ನುವುದು ಈ ಕಣಗಳ ದಟ್ಟಣೆಯಲ್ಲೇ ಇದೆ, ಅದರ ಹಿಂದೆ ಬೇರೆಲ್ಲೂ ಇಲ್ಲ. ಪುಡಿಯನ್ನು ಗುಡಿಸಿ ರಂಗೋಲಿಯನ್ನು ಮಾತ್ರ ಉಳಿಸಿಕೊಳ್ಳುತ್ತೇನೆ ಎಂದರೆ ಹೇಗೆ? ಒಂದು ಚೌಕಟ್ಟಿನ ಕಣಗಳು ಇದ್ದ ಜಾಗದಲ್ಲಿ ಮುಂದಿನ ಚೌಕಟ್ಟಿನ ಕಣಗಳು ಇರುವುದಿಲ್ಲ. ಸೆಕೆಂಡಿಗೆ 24 ಬಾರಿ ಬದಲಾಗುವ ಈ ಹರಡುವಿಕೆಯನ್ನು ಕಣ್ಣು ಕೂಡಿಸಿಕೊಂಡು ಚರ್ಮದ ನವಿರು, ಬಟ್ಟೆಯ ನೇಯ್ಗೆ, ಹೊಗೆಯ ಪದರಗಳನ್ನು ಕಾಣುತ್ತದೆ. ಫಿಲ್ಮಿನಲ್ಲಿ ಸುಮ್ಮನೆ ನಿಂತ ಮನುಷ್ಯನೂ ಉಸಿರಾಡುತ್ತಿರುವಂತೆ ಅನಿಸುವುದು ಇದರಿಂದಲೇ.

1986ರ ‘ಏಲಿಯನ್ಸ್’ ಚಿತ್ರದಲ್ಲಿ ಗ್ರೇನ್ ಬಹಳ ಹೆಚ್ಚು. ಕಡಿಮೆ ಬೆಳಕಿನಲ್ಲೂ ಚಿತ್ರೀಕರಿಸಬಲ್ಲ ವೇಗದ ಫಿಲ್ಮಿನಲ್ಲಿ ತೆಗೆದ ಚಿತ್ರ ಅದು. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅವರಿಗೆ ಆ ಗ್ರೇನ್ ಎಂದೂ ಹಿಡಿಸಿರಲಿಲ್ಲ. 4ಕೆಗಿಂತ ಹಿಂದಿನ ತಲೆಮಾರಿನ ಡಿಸ್ಕಾದ 2010ರ ಬ್ಲೂ-ರೇ ಕೂಡ ಅವರ ಉಸ್ತುವಾರಿಯಲ್ಲೇ ಬಂತು. ಅದರಲ್ಲಿ ಗ್ರೇನ್ ಪಳಗಿತ್ತು, ಆದರೆ ಸತ್ತಿರಲಿಲ್ಲ. 2024ರ ಮಾರ್ಚ್‌ನಲ್ಲಿ ‘ದಿ ಅಬಿಸ್’, ‘ಟ್ರೂ ಲೈಸ್’ ಚಿತ್ರಗಳ ಜೊತೆ ಬಂದ 4ಕೆ ಡಿಸ್ಕಿನ ಕೆಲಸ ನ್ಯೂಜಿಲೆಂಡಿನ ಪಾರ್ಕ್ ರೋಡ್ ಪೋಸ್ಟ್‌ನಲ್ಲಿ ನಡೆಯಿತು. ಯಂತ್ರಕಲಿಕೆಯ ತಂತ್ರಾಂಶ ಮೊದಲು ಗ್ರೇನನ್ನು ತೆಗೆಯುತ್ತದೆ, ಆಮೇಲೆ ಅಲ್ಲಿ ಏನಿದ್ದಿರಬಹುದೆಂದು ಊಹಿಸಿ ಅಂಚುಗಳನ್ನು ತಿದ್ದಿ ಬರೆಯುತ್ತದೆ. ನನ್ನ ತಕರಾರು ಈ ಎರಡನೆಯ ಹೆಜ್ಜೆಯ ಮೇಲೆ. ನಾನು ಎರಡೂ ಡಿಸ್ಕುಗಳನ್ನು ಅಕ್ಕಪಕ್ಕ ಓಡಿಸಿ ನೋಡಿದ್ದೇನೆ. ಹಳೆಯದರಲ್ಲಿ ನಾಯಕಿ ರಿಪ್ಲಿಯ ಹಣೆಯ ಗುಂಗುರು ಕೂದಲು ಹಿಂದಿನ ಕತ್ತಲೆಯಲ್ಲಿ ಮೆಲ್ಲಗೆ ಬೆರೆತುಹೋಗುತ್ತದೆ. ಹೊಸದರಲ್ಲಿ ಅದೇ ಕೂದಲು ಕತ್ತರಿಸಿ ಅಂಟಿಸಿದಂತೆ ನಿಂತಿದೆ. ಕೆನ್ನೆ ನುಣುಪಾಗಿದ್ದರೂ ಹುಬ್ಬು ಮಾತ್ರ ಗೆರೆಗೆರೆಯಾಗಿ ಚೂಪಾಗಿದೆ. ಹಿಂದೆ ನಿಂತ ಸೈನಿಕರ ಮುಖಗಳಲ್ಲಿ ಈ ಊಹೆ ಇನ್ನೂ ತಪ್ಪುತ್ತದೆ, ಏಕೆಂದರೆ ದೂರದ ಮುಖದಲ್ಲಿ ಊಹಿಸಲು ಆಧಾರವೇ ಕಡಿಮೆ. ಹಾಗೆಂದು ಈ ಡಿಸ್ಕನ್ನು ಮೆಚ್ಚಿದವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊಬೈಲಿನ ಸ್ವಚ್ಛ ಚಿತ್ರ ನೋಡಿ ಬೆಳೆದ ಇಪ್ಪತ್ತರ ಹುಡುಗಿಗೆ ಈ ಚಿತ್ರದ ಬಾಗಿಲು ತೆರೆದದ್ದು ಈ ಡಿಸ್ಕಿನಿಂದ ಎಂದಾದರೆ ಅದು ಸಣ್ಣ ಮಾತಲ್ಲ. ಆದರೆ ಅವಳಿಗೆ ಸಿಕ್ಕಿದ್ದು 1986ರ ಫೋಟೋಗ್ರಫಿಯ ಮೇಲೆ 2024ರ ಊಹೆ ಎಂಬುದು ಅವಳಿಗೆ ಗೊತ್ತಿರಬೇಕು.

ಅಭಿಮಾನಿಗಳ ಜಗಳ ಮುಗಿಯದಿರುವುದಕ್ಕೆ ನನಗೆ ಕಾಣುವ ಕಾರಣ ಒಂದೇ. ‘ಮೂಲಕ್ಕೆ ನಿಷ್ಠೆ’ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಒಬ್ಬೊಬ್ಬರು ಒಂದೊಂದನ್ನು ಮೂಲ ಎಂದುಕೊಂಡಿರುತ್ತಾರೆ. ಒಬ್ಬರಿಗೆ ಮೂಲ ಎಂದರೆ ಕ್ಯಾಮೆರಾದಲ್ಲಿ ಓಡಿದ ನೆಗೆಟಿವ್. ಇನ್ನೊಬ್ಬರಿಗೆ ಥಿಯೇಟರಿನಲ್ಲಿ ಓಡಿದ ಪ್ರಿಂಟ್. ಮತ್ತೊಬ್ಬರಿಗೆ ನಿರ್ದೇಶಕರು ಇವತ್ತು ಏನು ಬಯಸುತ್ತಾರೋ ಅದು. ಈ ಮೂರೂ ಒಂದೇ ಆಗಿರುವುದು ಅಪರೂಪ. ನೆಗೆಟಿವ್‌ನಿಂದ ಇಂಟರ್‌ಪಾಸಿಟಿವ್ ಎಂಬ ನಡುವಿನ ಪ್ರತಿ, ಅದರಿಂದ ಡ್ಯೂಪ್ ನೆಗೆಟಿವ್ ಎಂಬ ನಕಲು ನೆಗೆಟಿವ್, ಅದರಿಂದ ಪ್ರಿಂಟ್ – ನಿಮ್ಮ ತಂದೆ ಬ್ರಿಗೇಡ್ ರಸ್ತೆಯಲ್ಲಿ ನೋಡಿದ್ದು ಈ ನಾಲ್ಕನೆಯ ತಲೆಮಾರನ್ನು. ಪ್ರತಿ ಹೆಜ್ಜೆಯಲ್ಲೂ ಸೂಕ್ಷ್ಮ ವಿವರ ಸ್ವಲ್ಪ ಸ್ವಲ್ಪ ಕಳೆದು, ನೆರಳು ಸ್ವಲ್ಪ ಸ್ವಲ್ಪ ದಟ್ಟವಾಗುತ್ತಾ ಬರುತ್ತದೆ. ಆ ಕಾಲದ ಕಲಾವಿದರಿಗೆ ಇದು ಗೊತ್ತಿತ್ತು. ಮಾದರಿ ಹಡಗನ್ನು ತೂಗುಹಾಕಿದ ತಂತಿ, ಮುಖವಾಡದ ಹೊಲಿಗೆ, ಪರದೆಗೆ ಬಳಿದ ಬಣ್ಣದ ಕುಂಚದ ಗುರುತು ಪ್ರಿಂಟಿಗೆ ಬರುವಷ್ಟರಲ್ಲಿ ಮರೆಯಾಗುತ್ತವೆ ಎಂಬ ಲೆಕ್ಕದಲ್ಲೇ ಅವರು ಕೆಲಸ ಮಾಡಿದ್ದರು. ಇಂದು ನೆಗೆಟಿವನ್ನೇ 4ಕೆಯಲ್ಲಿ ಸ್ಕ್ಯಾನ್ ಮಾಡಿದರೆ ಅಂದು ಯಾವ ಪ್ರೇಕ್ಷಕನೂ ಕಾಣದಿದ್ದದ್ದು ನಮ್ಮ ಮನೆಯ ಹಾಲ್‌ನಲ್ಲಿ ಕಾಣುತ್ತದೆ.

ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ ಇದಕ್ಕೆ ಒಳ್ಳೆಯ ಉದಾಹರಣೆ. 1982ರ ಚಿತ್ರಕ್ಕೆ ಅವರು 2007ರಲ್ಲಿ ‘ಫೈನಲ್ ಕಟ್’ ಎಂಬ ಕೊನೆಯ ರೂಪ ಕೊಟ್ಟರು. ಹಾರುವ ಕಾರನ್ನು ಎತ್ತುವ ತಂತಿಗಳನ್ನು ಅಳಿಸಿದರು. ಗಾಜು ಒಡೆದುಕೊಂಡು ಓಡುವ ದೃಶ್ಯದಲ್ಲಿ ಬದಲಿ ಕಲಾವಿದೆಯ ಮುಖ ಎದ್ದು ಕಾಣುತ್ತಿತ್ತು; ಆ ಪಾತ್ರ ಮಾಡಿದ್ದ ಜೊವಾನ್ನಾ ಕ್ಯಾಸಿಡಿ ಅವರನ್ನೇ ಇಪ್ಪತ್ತೈದು ವರ್ಷಗಳ ನಂತರ ಮತ್ತೆ ಕರೆಸಿ, ಅವರ ಮುಖವನ್ನು ಅಲ್ಲಿ ಕೂಡಿಸಿದರು. ಚಿತ್ರದ ಒಟ್ಟು ಬಣ್ಣ ಹಸಿರು-ನೀಲಿಗೆ ವಾಲಿತೆಂಬ ದೂರು ಅಭಿಮಾನಿಗಳಲ್ಲಿ ಇನ್ನೂ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ನಾನು ಆ ಬಿಡುಗಡೆಯನ್ನು ಗೌರವಿಸುತ್ತೇನೆ. ಆ ವರ್ಷದ ದೊಡ್ಡ ಪೆಟ್ಟಿಗೆಯಲ್ಲಿ ಚಿತ್ರದ ಐದೂ ರೂಪಗಳನ್ನು ಇಟ್ಟರು. ಬೇಕಾದವರು ತಂತಿಯ ಸಮೇತ ನೋಡಬಹುದಿತ್ತು.

‘ಸ್ಟಾರ್ ವಾರ್ಸ್’ ವಿಷಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಜಾರ್ಜ್ ಲೂಕಸ್ 1997ರಲ್ಲಿ ವಿಶೇಷ ಆವೃತ್ತಿ ತಂದು ಕಂಪ್ಯೂಟರಿನ ಪ್ರಾಣಿಗಳನ್ನೂ ಹೊಸ ದೃಶ್ಯಗಳನ್ನೂ ಸೇರಿಸಿದರು. ಮದ್ಯದಂಗಡಿಯ ಮೇಜಿನಲ್ಲಿ ಮೊದಲು ಗುಂಡು ಹಾರಿಸುವವನು ಯಾರು ಎಂಬುದನ್ನೇ ಬದಲಿಸಿದರು. 2004, 2011, 2019ರಲ್ಲಿ ಮತ್ತೆ ಮತ್ತೆ ತಿದ್ದುಪಡಿಗಳಾದವು. ತಮ್ಮ ಕೃತಿಯನ್ನು ತಿದ್ದುವ ಹಕ್ಕು ಅವರಿಗಿತ್ತು, ಅದನ್ನು ನಾನು ಪ್ರಶ್ನಿಸುವುದಿಲ್ಲ. ಸ್ಟಾನ್ಲಿ ಕುಬ್ರಿಕ್ ಕೂಡ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಿಂದ 1968ರ ಮೊದಲ ಪ್ರದರ್ಶನಗಳ ನಂತರ ಸುಮಾರು 19 ನಿಮಿಷಗಳನ್ನು ಕತ್ತರಿಸಿದ್ದರು. ನೋವು ಕೊಡುವುದು ಬೇರೊಂದು ಸಂಗತಿ. 1977ರಲ್ಲಿ ಜನ ಸಾಲುಗಟ್ಟಿ ನೋಡಿದ, 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಮೊದಲ ವರ್ಷವೇ ಸೇರಿದ ಆ ರೂಪ ಬ್ಲೂ-ರೇಯಲ್ಲಾಗಲಿ 4ಕೆ ಡಿಸ್ಕಿನಲ್ಲಾಗಲಿ ಅಧಿಕೃತವಾಗಿ ಬರಲೇ ಇಲ್ಲ. ಕೊನೆಗೆ ಅಭಿಮಾನಿಗಳೇ ಹಳೆಯ 35 ಮಿಲಿಮೀಟರ್ ಪ್ರಿಂಟುಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಚೌಕಟ್ಟು ಚೌಕಟ್ಟಾಗಿ ಗೀರು ಒರೆಸಿ ‘4ಕೆ77’ ಎಂಬ ಪ್ರತಿ ತಯಾರಿಸಿದರು. ಹಕ್ಕುಸ್ವಾಮ್ಯದ ದೃಷ್ಟಿಯಿಂದ ಅದನ್ನು ಇಳಿಸಿಕೊಳ್ಳಿ ಎಂದು ನಾನು ಹೇಳಲಾರೆ. ಆದರೆ ಒಂದು ಸೆಕೆಂಡಿನ ಫಿಲ್ಮಿನ ಗೀರು ಒರೆಸಲು ಒಂದು ಇಡೀ ಬೆಳಗ್ಗೆ ಹೋಗುತ್ತದೆ ಎಂಬುದನ್ನು ಅನುಭವದಿಂದ ಬಲ್ಲವನಾಗಿ, ಸಂಬಳವಿಲ್ಲದೆ ಅಷ್ಟು ದುಡಿದ ಆ ಜನರ ಬಗ್ಗೆ ನನಗೆ ಅಪಾರ ಗೌರವವಿದೆ.

ಕುಬ್ರಿಕ್ ಅವರ ಚಿತ್ರ 2018ರಲ್ಲಿ ಎರಡು ದಾರಿಯಲ್ಲಿ ಮರಳಿ ಬಂತು. ಕ್ರಿಸ್ಟೋಫರ್ ನೋಲನ್ ಕಂಪ್ಯೂಟರನ್ನೇ ಮುಟ್ಟದೆ, ಹಳೆಯ ರಾಸಾಯನಿಕ ವಿಧಾನದಲ್ಲೇ 70 ಮಿಲಿಮೀಟರ್ ಪ್ರಿಂಟುಗಳನ್ನು ತೆಗೆಸಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದೇ ವರ್ಷ 65 ಮಿಲಿಮೀಟರ್ ನೆಗೆಟಿವ್ ಸ್ಕ್ಯಾನ್ ಮಾಡಿದ 4ಕೆ ಡಿಸ್ಕ್ ಬಂತು. ಎರಡರ ಬಣ್ಣವೂ ಒಂದೇ ಅಲ್ಲ. ಯಾವುದು ಸರಿ ಎಂದು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ನಾನು ಡಿಸ್ಕಿನ ಕಡೆ. ಆದಿಮಾನವರ ಭಾಗದಲ್ಲಿ ಸತ್ತ ಜೀಬ್ರಾದ ಪಕ್ಕ ಕುಳಿತ ಚಿರತೆ ತಲೆ ತಿರುಗಿಸಿದಾಗ ಅದರ ಕಣ್ಣುಗಳು ಝಗ್ಗನೆ ಹೊಳೆಯುತ್ತವೆ. ಹಿನ್ನೆಲೆಯ ಮರುಭೂಮಿಯನ್ನು ಕ್ಯಾಮೆರಾ ಬದಿಯಿಂದಲೇ ಪರದೆಯ ಮೇಲೆ ಬಿಡುತ್ತಿದ್ದ ಪ್ರೊಜೆಕ್ಟರಿನ ಬೆಳಕು ಆ ಕಣ್ಣಿಗೆ ಬಡಿದು ಮರಳಿದ ಆಕಸ್ಮಿಕ ಅದು. ತಂತಿಯನ್ನು ಅಳಿಸಿದವರ ಕೈ ಇಲ್ಲೂ ಹರಿದಿದ್ದರೆ ಆ ಹೊಳಪನ್ನೂ ದೋಷವೆಂದು ತೆಗೆಯಬಹುದಿತ್ತು. ತೆಗೆದಿಲ್ಲ. 4ಕೆಯಲ್ಲಿ ಆ ಎರಡು ಚುಕ್ಕಿ ಬೆಳಕು ಮೈ ಜುಮ್ಮೆನಿಸುತ್ತದೆ.

ನಮ್ಮ ಕಡೆಯ ಮಾತು ಬಾರದೆ ಈ ಉತ್ತರ ನನಗೆ ಪೂರ್ತಿಯಾಗುವುದಿಲ್ಲ. 2008ರಲ್ಲಿ ‘ಸತ್ಯ ಹರಿಶ್ಚಂದ್ರ’, 2014ರಲ್ಲಿ ‘ಕಸ್ತೂರಿ ನಿವಾಸ’ ಬಣ್ಣ ಹಚ್ಚಿಸಿಕೊಂಡು ಮತ್ತೆ ತೆರೆಗೆ ಬಂದಾಗ ಹೂಮಾಲೆ ಹಿಡಿದು ಬಂದ ರಾಜ್‌ಕುಮಾರ್ ಅಭಿಮಾನಿಗಳ ಸಂತೋಷವನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಕಪ್ಪು-ಬಿಳುಪಿಗೆಂದೇ ಬೆಳಕು ಜೋಡಿಸಿದ ಛಾಯಾಗ್ರಾಹಕನಿಗೆ ಸೀರೆಯ ಬಣ್ಣ ಕೆಂಪೋ ಹಸಿರೋ ಮುಖ್ಯವಾಗಿರಲಿಲ್ಲ, ಅದು ಎಷ್ಟು ಬೂದು ಎಂಬುದು ಮುಖ್ಯವಾಗಿತ್ತು. ಬಣ್ಣದ ಪ್ರತಿಗೆ ಸಿಕ್ಕಷ್ಟೇ ಆರೈಕೆ ಕಪ್ಪು-ಬಿಳುಪು ಪ್ರತಿಗೂ ಸಿಗಬೇಕು ಎಂಬುದು ನನ್ನ ಹಟ. ಗಿರೀಶ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡದ್ದು ಅಂಥ ಆರೈಕೆಯ ಫಲ. ಎಲ್ಲ ಚಿತ್ರಗಳಿಗೂ ಆ ಭಾಗ್ಯವಿಲ್ಲ. ಕೆಲವು ವರ್ಷಗಳ ಹಿಂದೆ ಗಾಂಧಿನಗರದ ಹಳೆಯ ಕಟ್ಟಡವೊಂದರ ಹಿಂದಿನ ಕೋಣೆಗೆ ರೀಲು ನೋಡಲು ಕರೆದಿದ್ದರು. ಡಬ್ಬದ ಮುಚ್ಚಳ ತೆರೆಯುವ ಮೊದಲೇ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಅಸಿಟೇಟ್ ಫಿಲ್ಮ್ ಕೊಳೆಯುವಾಗ ಬರುವ ವಾಸನೆ. ಒಳಗಿನ ರೀಲು ಬೆಲ್ಲದ ಅಚ್ಚಿನಂತೆ ಒಂದೇ ಗಟ್ಟಿಯಾಗಿ ಕುಳಿತಿತ್ತು. ಬಿಡಿಸಲು ಹೋದರೆ ಚಿತ್ರವಿರುವ ಪದರವೇ ಕಿತ್ತು ಬರುತ್ತಿತ್ತು. ಡಬ್ಬವನ್ನು ಮುಚ್ಚಿ ಹೊರಗೆ ಬಂದೆ. ಗ್ರೇನ್ ಹೆಚ್ಚೋ ಕಡಿಮೆಯೋ ಎಂದು ಜಗಳವಾಡುವಷ್ಟು ಒಂದು ಚಿತ್ರ ಉಳಿದಿದೆ ಎಂಬುದೇ ಎಷ್ಟು ದೊಡ್ಡದು ಎಂದು ಅಂದಿನಿಂದ ನನಗೆ ಮತ್ತೆ ಮತ್ತೆ ಅನಿಸುತ್ತದೆ.

ಅದಕ್ಕೇ ನನಗೆ 1927ರ ‘ಮೆಟ್ರೊಪೊಲಿಸ್’ ಚಿತ್ರದ 2010ರ ಆವೃತ್ತಿ ಎಲ್ಲಕ್ಕಿಂತ ಪ್ರಿಯ. ಫ್ರಿಟ್ಜ್ ಲಾಂಗ್ ಅವರ ಚಿತ್ರದಿಂದ ಬಿಡುಗಡೆಯಾದ ವರ್ಷವೇ ಕತ್ತರಿಸಿಹಾಕಿದ್ದ ಭಾಗಗಳು 2008ರಲ್ಲಿ ಬ್ಯೂನಸ್ ಐರಿಸ್‌ನ ಚಲನಚಿತ್ರ ಸಂಗ್ರಹಾಲಯದಲ್ಲಿ ಒಂದು 16 ಮಿಲಿಮೀಟರ್ ಪ್ರತಿಯಲ್ಲಿ ಸಿಕ್ಕವು. ಸುಮಾರು 25 ನಿಮಿಷ. ಮೈತುಂಬ ಗೀರು, ಅಂಚು ಕತ್ತರಿಸಿಹೋದ ಚಿತ್ರ. ಅದನ್ನು ಎಷ್ಟು ತೊಳೆಯಬಹುದೋ ಅಷ್ಟು ತೊಳೆದು, ಉಳಿದ ಗೀರುಗಳನ್ನು ಹಾಗೆಯೇ ಬಿಟ್ಟು, ಕಳೆದ ಅಂಚಿನ ಜಾಗದಲ್ಲಿ ಕಪ್ಪು ಪಟ್ಟಿ ಇಟ್ಟರು. ನೋಡುತ್ತಿದ್ದಂತೆ ಯಾವ ತುಣುಕು ಮರಳಿ ಬಂದದ್ದು ಎಂಬುದು ತಾನಾಗಿ ತಿಳಿಯುತ್ತದೆ.

ಇನ್ನು ಬೆಳಕು. ಥಿಯೇಟರಿನ ಪರದೆಯ ಮೇಲೆ ಅತಿ ಬಿಳಿ ಎಂದರೂ ಸುಮಾರು 48 ನಿಟ್ಸ್ (ಬೆಳಕಿನ ಪ್ರಖರತೆಯ ಅಳತೆ). ಬೆಳಕು-ನೆರಳಿನ ಅಂತರವನ್ನು ಹಿಗ್ಗಿಸಿ ತೋರಿಸುವ ಇಂದಿನ ಎಚ್‌ಡಿಆರ್ ಟಿವಿಗಳು ಅದರ ಇಪ್ಪತ್ತು ಪಟ್ಟು ಬೆಳಕು ಚೆಲ್ಲಬಲ್ಲವು. ಒಳ್ಳೆಯ ಕಲರಿಸ್ಟ್, ಅಂದರೆ ಬಣ್ಣ ಹೊಂದಿಸುವವನು, ಈ ಶಕ್ತಿಯನ್ನು ಕಿಡಿಗೆ, ದೀಪದ ತುದಿಗೆ ಮಾತ್ರ ಮೀಸಲಿಡುತ್ತಾನೆ. ಮಿತಿ ಮೀರಿದರೆ ಹಡಗಿನ ಪ್ರತಿಯೊಂದು ಬಲ್ಬೂ ಕಣ್ಣಿಗೆ ಚುಚ್ಚುತ್ತದೆ. ಧ್ವನಿಯಲ್ಲೂ ಇದೇ ಕಥೆ. 1984ರ ‘ದಿ ಟರ್ಮಿನೇಟರ್’ ಬಂದದ್ದು ಮೊನೊದಲ್ಲಿ, ಅಂದರೆ ಒಂದೇ ವಾಹಿನಿಯ ಧ್ವನಿಯಲ್ಲಿ; ಆಮೇಲಿನ 5.1 (ಸುತ್ತಲೂ ಹಲವು ಸ್ಪೀಕರುಗಳ) ಮಿಶ್ರಣದಲ್ಲಿ ಗುಂಡಿನ ಸದ್ದುಗಳೇ ಬೇರೆಯಾದವು. ಡಿಸ್ಕಿನ ಆಡಿಯೊ ಪಟ್ಟಿಯಲ್ಲಿ ‘ಮೊನೊ’ ಅಥವಾ ಮೂಲ ‘ಸ್ಟೀರಿಯೊ’ ಇದ್ದರೆ ಒಮ್ಮೆ ಅದರಲ್ಲೇ ಕೇಳಿ.

ಕೊಳ್ಳುವ ವಿಷಯಕ್ಕೆ ಬರೋಣ. ಕಣ್ಣು ಮುಚ್ಚಿ ಕೊಳ್ಳಬಹುದಾದವು: (ವರ್ಷಗಳು ಡಿಸ್ಕ್ ಬಂದವು, ಚಿತ್ರದವಲ್ಲ) ‘2001’, 2019ರ ‘ಏಲಿಯನ್’ (‘ಏಲಿಯನ್ಸ್’ಗೂ ಮೊದಲಿನ ಚಿತ್ರ), 2017ರ ‘ಬ್ಲೇಡ್ ರನ್ನರ್’ ಮತ್ತು ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’. 2019ರ ‘ಏಲಿಯನ್’ ಹಾಕಿದರೆ ನಿಮ್ಮ ತಂದೆ ಕುರ್ಚಿಯಿಂದ ಏಳುವುದಿಲ್ಲ ಎಂದು ಭರವಸೆಯಿಂದ ಹೇಳುತ್ತೇನೆ; ಅದರ ಗ್ರೇನ್ ಮುಟ್ಟಿ ನೋಡುವಂತಿದೆ. ದೂರವಿಡಬೇಕಾದವು 2017ರ ‘ಟರ್ಮಿನೇಟರ್ 2’ 4ಕೆ ಮತ್ತು 2010ರ ‘ಪ್ರಿಡೇಟರ್’ ಬ್ಲೂ-ರೇ. ಎರಡರಲ್ಲೂ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಮುಖ ಸೋಪಿನ ಗೊಂಬೆಯಂತಾಗಿದೆ. ‘ಪ್ರಿಡೇಟರ್’ ಬೇಕೆಂದರೆ 2018ರ 4ಕೆ ಡಿಸ್ಕಿನಲ್ಲಿ ಗ್ರೇನ್ ಮರಳಿ ಬಂದಿದೆ, ಮತ್ತು ಅದು ಮರಳಿದ್ದು ಅಭಿಮಾನಿಗಳ ವರ್ಷಗಟ್ಟಲೆಯ ತಕರಾರಿನ ನಂತರ. ‘ಏಲಿಯನ್ಸ್’ ಚಿತ್ರಕ್ಕೆ 2010ರ ಬ್ಲೂ-ರೇ ಹುಡುಕಿಕೊಳ್ಳಿ. 4ಕೆ ಡಿಸ್ಕುಗಳಿಗೆ ವಲಯದ ಬೇಲಿಯಿಲ್ಲ, ಯಾವ ದೇಶದ್ದಾದರೂ ಓಡುತ್ತದೆ. ಬ್ಲೂ-ರೇಗೆ ಬೇಲಿ ಉಂಟು. ಭಾರತ ‘ಸಿ’ ವಲಯದಲ್ಲಿದೆ, ಅಮೆರಿಕ ‘ಎ’, ಯುರೋಪ್ ‘ಬಿ’. ತರಿಸುವ ಮೊದಲು ಹಿಂಬದಿಯ ಗುರುತು ಕೇಳಿ ತಿಳಿದುಕೊಳ್ಳಿ. ಸ್ಟ್ರೀಮಿಂಗ್‌ನಲ್ಲಿ ನೋಡಿದರೆ ಸಾಲದೇ ಎಂದರೆ, ಈ ಚಿತ್ರಗಳಿಗೆ ಸಾಲದು. ಪ್ರತಿ ಚೌಕಟ್ಟಿನಲ್ಲೂ ಬದಲಾಗುವ ಗ್ರೇನನ್ನು ಕುಗ್ಗಿಸುವುದು ಕಂಪ್ರೆಷನ್‌ಗೆ ಅತಿ ಕಷ್ಟದ ಕೆಲಸ. 4ಕೆ ಡಿಸ್ಕ್ ಸೆಕೆಂಡಿಗೆ ನೂರಕ್ಕೂ ಹೆಚ್ಚು ಮೆಗಾಬಿಟ್‌ವರೆಗೆ ಕೊಡಬಲ್ಲದು, ಸ್ಟ್ರೀಮಿಂಗ್ ಸಾಮಾನ್ಯವಾಗಿ ಅದರ ಕಾಲು ಭಾಗವನ್ನೂ ಮುಟ್ಟುವುದಿಲ್ಲ. ಎಷ್ಟೇ ನಿಷ್ಠೆಯಿಂದ ಮಾಡಿದ ಮಾಸ್ಟರ್ (ಉಳಿದೆಲ್ಲ ಪ್ರತಿಗಳಿಗೆ ಆಧಾರವಾಗುವ ಪ್ರತಿ) ಆದರೂ ಅಲ್ಲಿ ಗ್ರೇನ್ ಗಂಟುಗಂಟಾಗುತ್ತದೆ.

ಹಳೆಯ ಡಿವಿಡಿಗಳ ಪೆಟ್ಟಿಗೆಯನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಈ ಭಾನುವಾರ ನಿಮ್ಮ ತಂದೆಯವರ ಜೊತೆ ಕುಳಿತು ಒಂದೊಂದಾಗಿ ತೆಗೆದು ನೋಡಿ. ಅಮೆರಿಕದಿಂದ ಬಂದ ನೆಂಟರು ಯಾರಾದರೂ ತಂದುಕೊಟ್ಟ ‘ಸ್ಟಾರ್ ವಾರ್ಸ್’ ಇದ್ದರೆ ಹಿಂಬದಿಯ ವರ್ಷ ಓದಿ. 2006ರದ್ದಾಗಿದ್ದು ಒಳಗೆ ಎರಡು ಡಿಸ್ಕುಗಳಿದ್ದರೆ, ಎರಡನೆಯದರಲ್ಲಿ 1977ರ ರೂಪ ಇದೆ. ಡಿವಿಡಿಗೂ ಹಿಂದಿನ ತಲೆಮಾರಿನ ಡಿಸ್ಕಾದ 1993ರ ಲೇಸರ್‌ಡಿಸ್ಕಿಗೆ ಮಾಡಿದ್ದ ಮಾಸ್ಟರಿನಿಂದ ತೆಗೆದದ್ದು. ಇಂದಿನ ಅಗಲ ಟಿವಿಯಲ್ಲಿ ನಾಲ್ಕೂ ಕಡೆ ಕಪ್ಪು ಬಿಟ್ಟು ನಡುವೆ ಚಿಕ್ಕದಾಗಿ ಕಾಣುತ್ತದೆ, ಚಿತ್ರವೂ ಸ್ವಲ್ಪ ಮಸುಕು. ಅಮೆರಿಕದ ಡಿವಿಡಿ 1ನೇ ವಲಯದ್ದು, ನಮ್ಮದು 5. ಎಲ್ಲ ವಲಯಗಳನ್ನೂ ಓಡಿಸುವ ಪ್ಲೇಯರ್ ಬೇಕಾಗುತ್ತದೆ, ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ ನೋಡಿ. ಕೋಣೆಯ ದೀಪ ಆರಿಸಿ, ಟಿವಿಗೆ ಸ್ವಲ್ಪ ಹತ್ತಿರ ಕುರ್ಚಿ ಹಾಕಿ, ತಂದೆಯವರನ್ನು ಕೂರಿಸಿ ಅದನ್ನು ಹಾಕಿಕೊಡಿ.